ಛತ್ರದ ತಾರಸಿ ದುರಸ್ತಿಗೆ ಮುಂಗಾರಿನೊಳಗೆ ನೆರವಾಗಿ

ಧರ್ಮಬಂಧುಗಳೇ,

ಕಳೆದ ಮಳೆಗಾಲದಲ್ಲಿ ನಮ್ಮ ಛತ್ರದ ಮೇಲಂತಸ್ತಿನ ಪೂರ್ವದ ಕೋಣೆಗಳಲ್ಲಿ ಸೂರಿನ ಗಾರೆ ಕಳಚಿ ಬಿತ್ತು. ಯಾರಿಗೂ ಪೆಟ್ಟಾಗಲಿಲ್ಲ, ದೇವರ ದಯೆ. ಅಂದಿನಿಂದ ಆ ಕೋಣೆಗಳಿಗೆ ಬೀಗ. ದೊಡ್ಡಾಸ್ಪತ್ರೆಗೆ ರೋಗಿಗಳನ್ನು ಕರೆತರುವ ಹಳ್ಳಿಯ ಜನ ಲಾಡ್ಜಿನ ಬಾಡಿಗೆ ತೆರಲಾಗದೆ ಜಗಲಿಯಲ್ಲೇ ಚಾಪೆ ಹಾಸುತ್ತಿದ್ದಾರೆ.

ಛತ್ರದ ಹಿರಿಮೆಯನ್ನು ನಿಮಗೆ ಹೊಸದಾಗಿ ಹೇಳಬೇಕಿಲ್ಲ. ಬೆಂಗಳೂರಿನ ರೈಲು ನಿಲ್ದಾಣದ ಬಳಿ ಗುಬ್ಬಿ ತೋಟದಪ್ಪನವರ ಛತ್ರ 1903ರಲ್ಲಿ ಎದ್ದುನಿಂತ ಕಾಲದ ದಾನಬುದ್ಧಿಯೇ ನಮ್ಮ ಹಿರಿಯರದೂ. ಜಾತಿ, ಊರು ಕೇಳದೆ ಪೇಟೆಗೆ ಬಂದವರಿಗೆಲ್ಲ ಇಲ್ಲಿ ತಂಗಲು ಜಾಗವಿತ್ತು. ನಡುವೆ ತೊಟ್ಟಿ, ಸುತ್ತ ಮರದ ಕಂಬಗಳ ಪಡಸಾಲೆ, ಮೇಲೆ ಮದ್ರಾಸ್ ತಾರಸಿ.

ಆ ತಾರಸಿಯೇ ಕಟ್ಟಡದ ಹೆಮ್ಮೆ. ಒಂದೂವರೆ ಅಡಿಗೊಂದರಂತೆ ಸಾಗುವಾನಿ ಜಂತೆ. ಅದರ ಮೇಲೆ ಒಂದಂಗುಲ ದಪ್ಪದ ಪುಟ್ಟ ಇಟ್ಟಿಗೆಗಳನ್ನು ಮಗ್ಗುಲಾಗಿ ನಿಲ್ಲಿಸಿ, ಮೂಲೆಯಿಂದ ಓರೆಯಾಗಿ ಸುಣ್ಣದ ಗಾರೆಯಲ್ಲಿ ಕೂರಿಸಿದ್ದಾರೆ. ಸೆಂಟ್ರಿಂಗ್ ಹಲಗೆಯ ಹಂಗೇ ಇಲ್ಲ. ಮೇಲೆ ಮೂರು ನಾಲ್ಕು ಅಂಗುಲ ಸುಣ್ಣ, ಇಟ್ಟಿಗೆ ಜಲ್ಲಿಯ ಪದರ, ಕೊನೆಗೆ ಬಿಲ್ಲೆ ಹೆಂಚು. ಬೇಸಿಗೆಯಲ್ಲಿ ಕೋಣೆ ತಂಪಾಗಿರುವುದು ಈ ದಪ್ಪದಿಂದಲೇ. ಕಿತ್ತು ಆರ್‌ಸಿಸಿ ಹಾಕಿಸಿ ಎಂಬ ಸಲಹೆಗೆ ನಾವು ಒಪ್ಪದಿರುವುದೂ ಅದಕ್ಕೇ.

ಹಿಂದೊಮ್ಮೆ ಬಿರುಕುಗಳಿಗೆ ಮೆತ್ತಿದ್ದ ಸಿಮೆಂಟು ಈಗ ಮುಳುವಾಗಿದೆ. ಬಿಸಿಲಿಗೆ ತಾರಸಿ ಹಿಗ್ಗಿ ಕುಗ್ಗುವಾಗ ಬಿರುಸಾದ ಸಿಮೆಂಟಿನ ಪಕ್ಕದಲ್ಲೇ ಹೊಸ ಬಿರುಕು ಬಿಡುತ್ತದೆ. ಇಳಿದ ನೀರು ಆರಲು ದಾರಿಯಿಲ್ಲದೆ ಗೋಡೆಯೊಳಗಿನ ಜಂತೆಯ ತುದಿ ಸೇರುತ್ತದೆ. ನಡುವೆ ಕಲ್ಲಿನಂತಿರುವ ಜಂತೆಗೆ ತುದಿಯಲ್ಲಿ ಸ್ಕ್ರೂಡ್ರೈವರ್ ಒತ್ತಿದರೆ ಎರಡಂಗುಲ ಒಳಹೋಗುತ್ತದೆ. ಅಂಥವು 11 ಇವೆ.

ಅವನ್ನು ಬದಲಿಸಿ, ಜಲ್ಲಿ ಪದರವನ್ನು ಹೊಸದಾಗಿ ಹಾಸಬೇಕು. ಬೆಲ್ಲ, ಅಳಲೆಕಾಯಿ ನೆನೆಸಿದ ನೀರು ಚಿಮುಕಿಸುತ್ತ, ಮರದ ಕೊಡತಿ ಪುಟಿದು ಗುರುತು ಬೀಳದಂತಾಗುವವರೆಗೆ ದಿನಗಟ್ಟಲೆ ಬಡಿಯಬೇಕು. ಅವಸರ ಮಾಡಿದರೆ ಒಳಗೆ ಪೊಳ್ಳು ಉಳಿದು ಮತ್ತೆ ಸೋರುತ್ತದೆ. ಸುಣ್ಣ ಬಲಿಯುವುದು ನಿಧಾನ. ಆದ್ದರಿಂದ ಶಿವರಾತ್ರಿ ಹೊತ್ತಿಗೆ ಕೆಲಸ ಹಿಡಿಯಲೇಬೇಕು.

ಮರ, ಸುಣ್ಣ, ಕೂಲಿ ಸೇರಿ 15 ಲಕ್ಷ ರೂಪಾಯಿಯ ಆಸುಪಾಸು ಆಗಬಹುದು. ಕೂಲಿಯದೇ ಹೆಚ್ಚಿನ ಪಾಲು. ಹಳೆಮನೆ ಬಿಚ್ಚಿಸುವವರು ಸಾಗುವಾನಿ ತೊಲೆ, ಜಂತೆಗಳನ್ನೂ ಕೊಡಬಹುದು. ಚೆನ್ನಾಗಿ ಆರಿದ ಮರ ಸೊಟ್ಟಗಾಗುವುದಿಲ್ಲ. ಮೊಳೆ ಕೀಳಿಸಿ ಸಾಗಿಸುವ ಹೊಣೆ ನಮ್ಮದು. ಹಣ ಕೊಡುವವರು ಛತ್ರದ ಕಚೇರಿಯಲ್ಲಿ ಕೊಟ್ಟು ರಸೀದಿ ಪಡೆಯಬೇಕಾಗಿ ವಿನಂತಿ.

ಇತಿ,
ಧರ್ಮದರ್ಶಿಗಳು