ಕಾಕಾನ ವೋಟಿನ ಲೆಕ್ಕ: ಕೊಪ್ಪಳದ ಲೋಕಸಭಾ ಸದಸ್ಯರಿಗೆ ಬಹಿರಂಗ ಪತ್ರ

ಮಾನ್ಯ ಸಂಸದರೇ, ನಮಸ್ಕಾರ.

ನಾನು ಗಂಗಾವತಿಯವನು. 2023ರ ವಿಧಾನಸಭೆ ಚುನಾವಣೆ ಹೊತ್ತಿಗೆ ನಮ್ಮ ಓಣಿಯ ಚಹಾದಂಗಡಿ ಮುಂದೆ ದಿನಾ ಒಂದೇ ಜಗಳ. ನಮ್ಮ ಕಾಕಾ ಫುಟ್‌ಬಾಲ್ ಗುರುತಿಗೇ ಹಾಕೋದು ಅಂತ ಕೂತಿದ್ದರು. "ಸುಮ್ನ ವೋಟು ಹಾಳು ಮಾಡ್ಕೋಬ್ಯಾಡ್ರಿ, ಕೈಗರ ಹಾಕ್ರಿ, ಕಮಲಕ್ಕರ ಹಾಕ್ರಿ" ಅಂತ ಉಳಿದವರು. ಕಾಕಾ ಬಸಿಗೆ ಚಹಾ ಸುರುವಿಕೊಂಡು, "ಎರಡೂ ನೋಡೀನಲ್ಲೋ" ಅಂದರು, ಅಷ್ಟೇ. (ನಾನು ಯಾರಿಗೆ ಹಾಕಿದೆ ಅಂತ ಮಾತ್ರ ಕೇಳಬೇಡಿ.)

ಕೊನೆಗೆ ಕಾಕಾನ ಫುಟ್‌ಬಾಲೇ ಗೆದ್ದಿತು. ಅದು ಗಾಲಿ ಜನಾರ್ದನ ರೆಡ್ಡಿ ಕಟ್ಟಿದ ಕಲ್ಯಾಣ ರಾಜ್ಯ ಪ್ರಗತಿ ಪಕ್ಷದ ಗುರುತು. ಆ ಪಕ್ಷಕ್ಕೆ ಇಡೀ ರಾಜ್ಯದಲ್ಲಿ ಸಿಕ್ಕಿದ್ದು ಗಂಗಾವತಿ ಒಂದೇ. ಬಳ್ಳಾರಿ ನಗರದಲ್ಲಿ ಅದೇ ಪಕ್ಷ ಎರಡನೇ ಸ್ಥಾನಕ್ಕೆ ಬಂತು, ಬಿಜೆಪಿ ಮೂರಕ್ಕಿಳಿಯಿತು, ಕಾಂಗ್ರೆಸ್ ಗೆದ್ದಿತು. ವೋಟು ಒಡೆದರೆ ಹೀಗೇ ಅಂತ ಅಲ್ಲಿಯವರು ಇಂದಿಗೂ ಹೇಳುತ್ತಾರೆ. ಒಡೆಯಲಿ ಬಿಡಿ. ಮತ ಯಾವ ಪಕ್ಷದ ಸ್ವಂತ ಹೊಲವೂ ಅಲ್ಲವಲ್ಲ.

ನನ್ನ ತಕರಾರು ಬೇರೆ. 2024ರ ಮಾರ್ಚ್‌ನಲ್ಲಿ ಆ ಪಕ್ಷ ಬಿಜೆಪಿಯಲ್ಲಿ ವಿಲೀನವಾಯಿತು. ಹತ್ತು ತಿಂಗಳಾಗಿತ್ತು. ಕಮಲ ಬೇಡ ಅಂತ ಬೇರೆ ಗುಂಡಿ ಒತ್ತಿದ ಕಾಕಾನ ವೋಟು ಕೊನೆಗೆ ಕಮಲದ ಲೆಕ್ಕಕ್ಕೇ ಹೋಯಿತು. ಇದರಲ್ಲಿ ಯಾರೂ ಕಾನೂನು ಮುರಿದಿಲ್ಲ. ಕಾನೂನೇ ಹಾಗಿದೆ. 1985ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೇ ಅನುಸೂಚಿ ಪಕ್ಷಾಂತರ ಮಾಡಿದವರ ಸದಸ್ಯತ್ವ ಕಿತ್ತುಕೊಳ್ಳುತ್ತದೆ. ಆದರೆ ಪಕ್ಷದ ಶಾಸಕರಲ್ಲಿ ಮೂರನೇ ಎರಡರಷ್ಟು ಜನ ಒಪ್ಪಿ ವಿಲೀನವಾದರೆ ಮಾಫಿ. ಇರೋದೇ ಒಬ್ಬರಾದರೆ? ಅವರೊಬ್ಬರು ಹೂಂ ಅಂದರೆ ಮುಗೀತು. ದೊಡ್ಡ ಪಕ್ಷದಲ್ಲಿ ಹತ್ತಾರು ಜನರನ್ನು ಒಪ್ಪಿಸಬೇಕು, ಸಣ್ಣ ಪಕ್ಷದಲ್ಲಿ ಕನ್ನಡಿ ಮುಂದೆ ನಿಂತು ಕೇಳಿಕೊಂಡರೆ ಸಾಕು.

ನಮ್ಮ ಭಾಗಕ್ಕೆ ಇದು ಹೊಸದೂ ಅಲ್ಲ. 2013ರಲ್ಲಿ ಬಿಎಸ್‌ಆರ್ ಕಾಂಗ್ರೆಸ್ ಅನ್ನೋ ಬೇರೆಯದೇ ಸಣ್ಣ ಪಕ್ಷ ನಾಲ್ಕು ಸೀಟು ಗೆದ್ದಿತ್ತು. ಮರುವರ್ಷವೇ ಅದನ್ನು ಕಟ್ಟಿದ ಬಿ. ಶ್ರೀರಾಮುಲು ಬಿಜೆಪಿಗೆ ಮರಳಿದರು.

ಇದನ್ನು ವಿಧಾನಸೌಧದಲ್ಲಿ ತಿದ್ದಲು ಆಗುವುದಿಲ್ಲ, ಸಂಸತ್ತಿನಲ್ಲೇ ಆಗಬೇಕು. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ಮಂತ್ರಿಯಲ್ಲದ ಸಂಸದರು ತಾವೇ ಮಂಡಿಸುವ ಖಾಸಗಿ ಸದಸ್ಯರ ಮಸೂದೆ ಒಂದನ್ನು ತನ್ನಿ. ಗೆದ್ದ ಗುರುತಿನ ಪಕ್ಷವನ್ನು ಬೇರೆ ಪಕ್ಷದಲ್ಲಿ ವಿಲೀನ ಮಾಡುವವರು ರಾಜೀನಾಮೆ ಕೊಟ್ಟು ಮತ್ತೆ ಜನರ ಮುಂದೆ ಬರಲಿ. ಗೆದ್ದರೆ ಸಂತೋಷ. ಇಂಥ ಮಸೂದೆ ಪಾಸಾಗೋದು ಕಷ್ಟ ಅಂತ ಗೊತ್ತು. ಆದರೂ ಕಡತಕ್ಕೆ ಸೇರುತ್ತದೆ, ಚರ್ಚೆಗಾದರೂ ದಾರಿಯಾಗುತ್ತದೆ, ಅಲ್ವಾ?

ಮುಂದಿನ ಅಧಿವೇಶನಕ್ಕೆ ಮೊದಲು ಒಂದು ಸಂಜೆ ಗಂಗಾವತಿಗೆ ಬನ್ನಿ. ಕಾಕಾ ಅದೇ ಅಂಗಡಿ ಮುಂದೆ ಸಿಗುತ್ತಾರೆ. ಮಂಡಕ್ಕಿ, ಮಿರ್ಚಿ ನನ್ನ ಲೆಕ್ಕ.

ಇಂತಿ,
ಗಂಗಾವತಿಯ ಒಬ್ಬ ಮತದಾರ