ಗುದ್ದಲಿ ಮತ್ತು ಮಸೆಗಲ್ಲು

ಪ್ರೀತಿಯ ತಂಗಿಗೆ,

ನಿನ್ನ ಕಥೆಯನ್ನು ಎರಡು ಸಲ ಓದಿದೆ. ಹೊಲದ ಬದುವಿನ ತಕರಾರು, ಅಣ್ಣ ಬೀಸಿದ ಗುದ್ದಲಿ, ತಮ್ಮನ ಸಾವು, ಕೊನೆಯ ಪುಟದಲ್ಲಿ ಗಲ್ಲು. ಜಗಳದ ಭಾಗ ಓದುವಾಗ ನನ್ನ ಎದೆ ಹೊಡೆದುಕೊಂಡಿತು. ಆದರೆ ಆ ಗಲ್ಲನ್ನು ನಾನು ನಂಬಲಿಲ್ಲ.

ಅಣ್ಣ ಬದು ಹಾಕಲು ತಂದಿದ್ದ ಗುದ್ದಲಿ ಅದು. ಮಾತಿಗೆ ಮಾತು ಬೆಳೆಯಿತು, ಕೈಯಲ್ಲಿದ್ದುದನ್ನೇ ಬೀಸಿದ, ಒಂದೇ ಏಟು. ಮೊದಲೇ ಯೋಚಿಸದೆ, ಹಠಾತ್ತನೆ ಎದ್ದ ಜಗಳದ ಆವೇಶದಲ್ಲಿ ಆದ ಇಂಥ ಸಾವನ್ನು ನ್ಯಾಯಾಲಯ ಕೊಲೆಯಲ್ಲದ ಮಾನವ ಹತ್ಯೆ ಎಂದು ಪರಿಗಣಿಸಬಹುದು. ಭಾರತೀಯ ನ್ಯಾಯ ಸಂಹಿತೆಯ 105ನೇ ಸೆಕ್ಷನ್ನಿನಲ್ಲಿ ಅದಕ್ಕೆ ಮರಣದಂಡನೆಯೇ ಇಲ್ಲ.

ಅದೇ ಅಣ್ಣ ಗುದ್ದಲಿ ಎಸೆದು ಮನೆಗೆ ಹೋಗಿ, ಮಸೆಗಲ್ಲಿಗೆ ನೀರು ಚಿಮುಕಿಸಿ, ಮಚ್ಚು ಮಸೆದು ಮರಳಿ ಬಂದಿದ್ದರೆ ಮಾತು ಬೇರೆ. ಆ ಕಲ್ಲಿನ ಮುಂದೆ ಅವನು ಕೂತ ಹೊತ್ತನ್ನೇ ನ್ಯಾಯಾಲಯ ಅಳೆಯುತ್ತದೆ. ನಾನಾವತಿ ಪ್ರಕರಣವನ್ನು ನೆನಪಿಸಿಕೋ. 1959ರ ಏಪ್ರಿಲ್ 27ರಂದು ಹೆಂಡತಿ ತನ್ನ ಸಂಬಂಧವನ್ನು ಒಪ್ಪಿಕೊಂಡ ಮೇಲೆ ಆ ನೌಕಾಪಡೆಯ ಅಧಿಕಾರಿ ಅವಳನ್ನೂ ಮಕ್ಕಳನ್ನೂ ಸಿನಿಮಾಕ್ಕೆ ಬಿಟ್ಟ, ಹಡಗಿಗೆ ಹೋಗಿ ಸುಳ್ಳು ಕಾರಣ ಹೇಳಿ ರಿವಾಲ್ವರ್ ಪಡೆದ, ಅವಳ ಪ್ರಿಯಕರ ಪ್ರೇಮ್ ಅಹುಜಾನನ್ನು ಹುಡುಕಿಕೊಂಡು ಹೋದ. ಮನೆ ಬಿಟ್ಟದ್ದು ಮಧ್ಯಾಹ್ನ ಒಂದೂವರೆಗೆ, ಗುಂಡು ಹಾರಿದ್ದು 4.20ರ ಸುಮಾರಿಗೆ. ಸಿಟ್ಟು ಇಳಿಯಲು ಅಷ್ಟು ಹೊತ್ತು ಸಾಕು ಎಂದು 1961ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹಠಾತ್ ಪ್ರಚೋದನೆಯ ವಾದ ಬಿದ್ದುಹೋಯಿತು. ಆದರೂ ಅವನಿಗೆ ಆದದ್ದು ಜೀವಾವಧಿ.

ನೀನು ಎಡವಿದ್ದು ಇಲ್ಲೇ. ಉದ್ದೇಶ ಸಾಬೀತಾದರೆ ಕೊಲೆ, ಕೊಲೆಯಾದರೆ ಗಲ್ಲು ಎಂದುಕೊಂಡೆ. 1980ರ ಬಚ್ಚನ್ ಸಿಂಗ್ ತೀರ್ಪಿನ ನಂತರ ಜೀವಾವಧಿಯೇ ನಿಯಮ, ಗಲ್ಲು ಅಪರೂಪದಲ್ಲಿ ಅಪರೂಪದ ಪ್ರಕರಣಕ್ಕೆ. ಅಪರಾಧವನ್ನಷ್ಟೇ ಅಲ್ಲ, ಅಪರಾಧಿಯನ್ನೂ ನೋಡಬೇಕು. ನಮ್ಮ ಬೆಂಗಳೂರಿನ ಶ್ರದ್ಧಾನಂದ ಹೆಂಡತಿಯನ್ನು ಹೂಳಲು ಪೆಟ್ಟಿಗೆಯನ್ನು ಮೊದಲೇ ಮಾಡಿಸಿದ್ದ, ಗುಂಡಿಯನ್ನೂ ತೋಡಿಸಿದ್ದ. ಅದಕ್ಕಿಂತ ತಣ್ಣನೆಯ ಉದ್ದೇಶ ಇನ್ನೆಲ್ಲಿದೆ? 2008ರಲ್ಲಿ ಸುಪ್ರೀಂ ಕೋರ್ಟ್ ಅವನ ಗಲ್ಲನ್ನು ತಪ್ಪಿಸಿ, ಬದುಕಿರುವವರೆಗೂ ಬಿಡುಗಡೆಯಿಲ್ಲದ ಸೆರೆ ವಿಧಿಸಿತು. ಅದು ಸರಿಯೆಂದೇ ನನ್ನ ನಂಬಿಕೆ. ಒಬ್ಬ ಮನುಷ್ಯ ಅಂದು ಏನು ಮಾಡಹೊರಟಿದ್ದ ಎಂಬುದನ್ನು ಸಾಕ್ಷಿಗಳು ಹೇಳಬಹುದು. ಮುಂದೆ ಅವನು ಏನಾಗಬಲ್ಲ ಎಂಬುದಕ್ಕೆ ಯಾವ ಸಾಕ್ಷಿಯನ್ನು ಕರೆಯುವುದು?

ನೀನು ಒಂದು ಸೆಷನ್ಸ್ ನ್ಯಾಯಾಲಯಕ್ಕೆ ಹೋಗಿ ಕೂರು. ತಪ್ಪಿತಸ್ಥ ಎಂದು ತೀರ್ಮಾನವಾದ ಮೇಲೆ ಶಿಕ್ಷೆಯ ಬಗ್ಗೆ ಬೇರೆಯೇ ವಿಚಾರಣೆ ಇರುತ್ತದೆ. ಒಮ್ಮೆ ಹಾಗೆ ಕೂತಿದ್ದೆ. ಹೇಳುವುದೇನಾದರೂ ಇದೆಯೇ ಎಂದು ನ್ಯಾಯಾಧೀಶರು ಕೇಳಿದಾಗ, ಆ ಮನುಷ್ಯ ಬಹಳ ಹೊತ್ತು ಸುಮ್ಮನಿದ್ದು, "ಎರಡು ಎಮ್ಮೆ ಇದಾವೆ ಸ್ವಾಮಿ" ಎಂದ. ನಿನ್ನ ಅಣ್ಣನಿಗೆ ಅಂಥ ಒಂದು ಮಾತನ್ನೂ ನೀನು ಕೊಟ್ಟಿಲ್ಲ.

ಇನ್ನು ತಮ್ಮನ ಹೆಂಡತಿ. ಅವಳು ಒಂದೇ ಸಾಲಿನಲ್ಲಿ ಅತ್ತು ಮರೆಯಾಗುತ್ತಾಳೆ. ಗುದ್ದಲಿಯೋ ಮಚ್ಚೋ, ಆವೇಶವೋ ಸಂಚೋ, ಅವಳ ಮನೆಯಲ್ಲಿ ಖಾಲಿಯಾದ ಜಾಗ ಒಂದೇ. ಕಾನೂನಿನ ಈ ಸೂಕ್ಷ್ಮವನ್ನೆಲ್ಲ ವಕೀಲರು ಅವಳಿಗೆ ಹೇಳುವಾಗ ಅವಳು ಏನೆಂದಳು? ಗಲ್ಲಿನ ಪುಟವನ್ನು ತೆಗೆದು ಅದನ್ನು ಬರೆ. ದೀಪಾವಳಿಯೊಳಗೆ ಕಳುಹಿಸು, ಕಾಯುತ್ತಿರುತ್ತೇನೆ.

ನಿನ್ನ ಅಕ್ಕ