ಮಾತ್ರೆ ಬೇಡ, ಉಳ್ಳಾಗಡ್ಡಿ ಸಾಕು

ಮಾನ್ಯ ಸಂಪಾದಕರೇ,

‘ತಿಂಗಳು ತಿಂದರೆ ಸಾಕು, ಮೈಯಲ್ಲಿ ಶೇಖರವಾಗಿ ಉಳಿಯುತ್ತದೆ’ ಎನ್ನುವ ಮಾತು ನಂಬಿ ನಮ್ಮ ಕೊಪ್ಪಳ ಸೀಮೆಯ ಜನರೂ ಫ್ಲೇವನಾಯ್ಡ್ (ತರಕಾರಿ, ಹಣ್ಣು, ಚಹಾದಲ್ಲಿ ಸಹಜವಾಗಿರುವ ಸಸ್ಯ ರಾಸಾಯನಿಕಗಳು) ಮಾತ್ರೆಗಳಿಗೆ ದುಡ್ಡು ಸುರಿಯುತ್ತಿದ್ದಾರೆ. ಫ್ಲೇವನಾಯ್ಡ್ ಹಾಗೆ ಶೇಖರವಾಗುವ ವಸ್ತುವೇ ಅಲ್ಲ.

ಉಳ್ಳಾಗಡ್ಡಿಯಲ್ಲಿರುವ ಕ್ವೆರ್ಸೆಟಿನ್ ಎಂಬ ಫ್ಲೇವನಾಯ್ಡ್ ಗ್ಲೂಕೋಸಿಗೆ ಅಂಟಿಕೊಂಡಿರುತ್ತದೆ. ಹಾಲಿನ ಸಕ್ಕರೆ ಒಡೆಯುವ ಲ್ಯಾಕ್ಟೇಸ್ ಕಿಣ್ವವೇ ಸಣ್ಣ ಕರುಳಿನ ಒಳಗೋಡೆಯಲ್ಲಿ ಆ ಗ್ಲೂಕೋಸನ್ನು ಬಿಡಿಸುತ್ತದೆ. ಹಾಗಾಗಿ ಉಂಡ ಒಂದು ಗಂಟೆಯೊಳಗೇ ರಕ್ತದಲ್ಲಿ ಅದರ ಮಟ್ಟ ಏರಿರುತ್ತದೆ. ಎಷ್ಟೋ ಮಾತ್ರೆಗಳಲ್ಲಿರುವ ರುಟಿನ್ ಕೂಡ ಕ್ವೆರ್ಸೆಟಿನ್ನೇ. ಆದರೆ ಅದಕ್ಕೆ ರ್‍ಯಾಮ್ನೋಸ್ ಎಂಬ ಇನ್ನೊಂದು ಸಕ್ಕರೆಯೂ ಅಂಟಿದೆ. ಅದನ್ನು ಬಿಡಿಸುವ ಕಿಣ್ವ ನಮ್ಮಲ್ಲಿಲ್ಲ, ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳಲ್ಲಿದೆ. ಅಲ್ಲಿಗೆ ತಲುಪಿ ರಕ್ತ ಸೇರಲು 6ರಿಂದ 9 ಗಂಟೆ ಬೇಕು, ಸೇರುವ ಪ್ರಮಾಣವೂ ಕಡಿಮೆ. ಆ್ಯಂಟಿಬಯಾಟಿಕ್ ನುಂಗುತ್ತಿದ್ದರೆ ಆ ಬ್ಯಾಕ್ಟೀರಿಯಾಗಳೇ ಕ್ಷೀಣಿಸಿರುತ್ತವೆ.

ಒಳಗೆ ಬಂದದ್ದನ್ನು ದೇಹ ಹೊರಗಿನ ವಸ್ತು ಎಂದೇ ನೋಡುತ್ತದೆ. ಕರುಳಿನ ಗೋಡೆ ಮತ್ತು ಯಕೃತ್ತು ಅದಕ್ಕೆ ಗ್ಲುಕುರಾನಿಕ್ ಆಮ್ಲ, ಸಲ್ಫೇಟ್ ಜೋಡಿಸಿ ನೀರಿನಲ್ಲಿ ಕರಗುವಂತೆ ಮಾಡುತ್ತವೆ. ಒಂದಷ್ಟು ಮೂತ್ರದಲ್ಲಿ ಹೋಗುತ್ತದೆ. ಒಂದಷ್ಟು ಪಿತ್ತರಸದ ಜೊತೆ ಮತ್ತೆ ಕರುಳಿಗಿಳಿದು, ಬ್ಯಾಕ್ಟೀರಿಯಾ ಬಿಡಿಸಿದ ಮೇಲೆ ಎರಡನೇ ಸಲ ರಕ್ತಕ್ಕೆ ಬರುತ್ತದೆ. ಹೀಗೆ ಸುತ್ತಿದರೂ ರಕ್ತದಲ್ಲಿ ಅದು ಅರ್ಧಕ್ಕಿಳಿಯಲು ಸುಮಾರು 11ರಿಂದ 28 ಗಂಟೆ ಸಾಕು. ಹೀರಿಕೆಯಾಗದೆ ಉಳಿದದ್ದನ್ನು ಬ್ಯಾಕ್ಟೀರಿಯಾ ಸಣ್ಣ ಫಿನಾಲಿಕ್ ಆಮ್ಲಗಳಾಗಿ ಒಡೆಯುತ್ತವೆ. ಅವೂ ಕೊನೆಗೆ ಮೂತ್ರದ ದಾರಿ ಹಿಡಿಯುತ್ತವೆ. ಕುಷ್ಟಗಿಯ ದಾಳಿಂಬೆಗೆ ಕೆಂಪು ಕೊಡುವ ಆಂಥೋಸಯಾನಿನ್ ಎಂಬ ಫ್ಲೇವನಾಯ್ಡ್ ಅಂತೂ ತನ್ನ ಮೂಲರೂಪದಲ್ಲಿ ಮೂತ್ರದಲ್ಲಿ ಕಾಣಿಸುವುದು ತೀರಾ ಅಲ್ಪ.

ಆದ್ದರಿಂದ ದಿನವೂ ಊಟದಲ್ಲೇ ಸ್ವಲ್ಪ ಸ್ವಲ್ಪ ಬೇಕು. ಜೋಳದ ರೊಟ್ಟಿ, ಶೇಂಗಾ ಚಟ್ನಿ ಜೊತೆ ಹಸಿ ಉಳ್ಳಾಗಡ್ಡಿ ಕಚ್ಚಿಕೊಳ್ಳುವ ನಮ್ಮ ರೂಢಿ ಇದಕ್ಕೆ ಹೇಳಿ ಮಾಡಿಸಿದಂತಿದೆ. ಶೇಂಗಾದ ಎಣ್ಣೆ ಅಂಶ ಕ್ವೆರ್ಸೆಟಿನ್ ಹೀರಿಕೆಗೆ ನೆರವಾಗುತ್ತದೆ. ಸುಲಿಯುವಾಗ ಒಣಸಿಪ್ಪೆಯ ಜೊತೆ ತಿನ್ನಬಹುದಾದ ಎರಡು ಪದರ ಕಿತ್ತೆಸೆಯುತ್ತೇವಲ್ಲ, ಕ್ವೆರ್ಸೆಟಿನ್ ಹೆಚ್ಚಿರುವುದು ಅಲ್ಲೇ. ಕುದಿಸಿದರೆ ನೀರಿಗಿಳಿಯುತ್ತದೆ, ಆ ನೀರನ್ನು ಸಾರಿಗೆ ಬಳಸಿ. ಊಟದ ಜೊತೆ ಚಹಾ ಮಾತ್ರ ಬೇಡ: ಅದರ ಪಾಲಿಫಿನಾಲುಗಳು (ಫ್ಲೇವನಾಯ್ಡ್ ಕೂಡ ಸೇರಿರುವ ಸಸ್ಯ ರಾಸಾಯನಿಕಗಳ ಗುಂಪು) ಸೊಪ್ಪು, ಕಾಳಿನ ಕಬ್ಬಿಣವನ್ನು ಕರುಳಲ್ಲೇ ಹಿಡಿದಿಡುತ್ತವೆ. ರಕ್ತಹೀನತೆ ಇರುವ ಹೆಣ್ಣುಮಕ್ಕಳು ಊಟಕ್ಕೂ ಚಹಾಕ್ಕೂ ಒಂದು ಗಂಟೆ ಅಂತರ ಬಿಡಲೇಬೇಕು.

ಗ್ರೀನ್ ಟೀ ಸಾರದ ಮಾತ್ರೆಗಳ ಬಗ್ಗೆ ಎಚ್ಚರ ಇನ್ನೂ ಹೆಚ್ಚಿರಲಿ. ದಿನಕ್ಕೆ 800 ಮಿಲಿಗ್ರಾಂ ಅಥವಾ ಅದಕ್ಕೂ ಹೆಚ್ಚು ಇಜಿಸಿಜಿಯನ್ನು (ಗ್ರೀನ್ ಟೀಯ ಮುಖ್ಯ ಫ್ಲೇವನಾಯ್ಡ್) ಮಾತ್ರೆ ರೂಪದಲ್ಲಿ ಸೇವಿಸಿದವರಲ್ಲಿ ರಕ್ತದಲ್ಲಿ ಯಕೃತ್ತಿನ ಕಿಣ್ವಗಳು ಏರುವುದನ್ನು (ಯಕೃತ್ತಿಗೆ ಪೆಟ್ಟಾಗುತ್ತಿರುವ ಸೂಚನೆ) ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲೇ ಗುರುತಿಸಿದೆ. ಎಷ್ಟು ಮಿಲಿಗ್ರಾಂ ಎಂದು ನಮೂದಿಸದ ಡಬ್ಬಿಗಳನ್ನು ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗಳು ಅಂಗಡಿಗಳಲ್ಲಿ ತಪಾಸಣೆ ಮಾಡಬೇಕು.

– ಆಹಾರ ವಿಜ್ಞಾನ ಬೋಧಕರು, ಕೊಪ್ಪಳ